ಹೊಸ ಬೇಸಾಯ ಕ್ರಮಗಳ ಅಳವಡಿಕೆಯಲ್ಲಿ ಸಣ್ಣ ರೈತ ತಂಡಗಳ ರಚನೆಯ ಪಾತ್ರ: ರಾಯಚೂರು, ದೇವದುರ್ಗ ಮತ್ತು ಮಾನ್ವಿ ತಾಲ್ಲೂಕುಗಳಿಗೆ ಮಾರ್ಗದರ್ಶಿ

ಪೀಠಿಕೆ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಎಡೆದೊರೆ ನಾಡಾದ ರಾಯಚೂರು ಜಿಲ್ಲೆಯಲ್ಲಿ ಬೇಸಾಯದ ಸ್ವರೂಪವು ತಾಲ್ಲೂಕಿನಿಂದ ತಾಲ್ಲೂಕಿಗೆ ಬದಲಾಗುತ್ತದೆ. ಮಾನ್ವಿ ಭಾಗದ ರೈತರು ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ನಂಬಿ ಭತ್ತ ಬೆಳೆಯುತ್ತಾರೆ. ದೇವದುರ್ಗ ತಾಲ್ಲೂಕಿಗೆ ನಾರಾಯಣಪುರ ಬಲದಂಡೆ ಕಾಲುವೆಯ ನೀರು ಬಂದಿದ್ದರೂ ಹತ್ತಿ, ತೊಗರಿ ಮತ್ತು ಮೆಣಸಿನಕಾಯಿ ಅಲ್ಲಿನ ಮುಖ್ಯ ಬೆಳೆಗಳಾಗಿ ಉಳಿದಿವೆ. ರಾಯಚೂರು ತಾಲ್ಲೂಕಿನಲ್ಲಿ ಮಳೆಯಾಶ್ರಿತ ಬೇಸಾಯವೂ ನೀರಾವರಿ ಬೇಸಾಯವೂ ಒಟ್ಟಿಗಿವೆ. ನಗರದಲ್ಲಿ 2008ರಲ್ಲಿ ಸ್ಥಾಪನೆಯಾದ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ, ಕೃಷಿ ವಿಜ್ಞಾನ ಕೇಂದ್ರ ಹಾಗೂ ದೊಡ್ಡ ಹತ್ತಿ ಮಾರುಕಟ್ಟೆ ಇವೆ.

ಶಿಫಾರಸು ಮಾಡಿದ ಒಂದೇ ತಾಂತ್ರಿಕತೆಯು ಒಂದು ಊರಿನಲ್ಲಿ ಬೇರೂರುತ್ತದೆ. ಪಕ್ಕದ ಊರಿನಲ್ಲಿ ಒಂದು ಪ್ರಾತ್ಯಕ್ಷಿಕೆಯ ಫಲಕದೊಂದಿಗೆ ಮುಗಿದುಹೋಗುತ್ತದೆ. ಮಣ್ಣು, ನೀರು, ತಳಿ ಒಂದೇ ಆಗಿರುವಾಗ ಈ ವ್ಯತ್ಯಾಸಕ್ಕೆ ಒಂದು ಮುಖ್ಯ ಕಾರಣವನ್ನು ಗುಂಪಿನ ರಚನೆಯಲ್ಲಿ ಹುಡುಕಬೇಕು. ಗುಂಪಿನಲ್ಲಿ ಎಷ್ಟು ಜನರಿದ್ದಾರೆ, ಯಾರಿದ್ದಾರೆ, ನಿರ್ಧಾರ ಯಾರದು, ನಷ್ಟ ಯಾರದು ಎಂಬ ನಾಲ್ಕು ಪ್ರಶ್ನೆಗಳಿಗೆ ದೊರೆಯುವ ಉತ್ತರವು ಹೊಸ ಕ್ರಮದ ಅಳಿವು ಉಳಿವನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ.

ಈ ಲೇಖನದ ಸಾರಾಂಶವಿಷ್ಟು: ಹೊಸದನ್ನು ಪರೀಕ್ಷಿಸುವ ತಂಡ ಸಣ್ಣದಾಗಿಯೂ ವೈವಿಧ್ಯಮಯವಾಗಿಯೂ ಇರಬೇಕು, ಪರೀಕ್ಷಿಸಿ ಒಪ್ಪಿದ್ದನ್ನು ಜಾರಿಗೆ ತರುವ ಗುಂಪು ದೊಡ್ಡದಾಗಿಯೂ ಅಕ್ಕಪಕ್ಕದ ಹೊಲಗಳಿಂದ ಕೂಡಿದ್ದಾಗಿಯೂ ಇರಬೇಕು. ಒಂದೇ ರಚನೆಯಿಂದ ಈ ಎರಡೂ ಕೆಲಸಗಳನ್ನು ನಿರೀಕ್ಷಿಸಬಾರದು.

ಈಗಿರುವ ಗುಂಪುಗಳು ಮತ್ತು ಅವುಗಳ ಉದ್ದೇಶ

ನಿಮ್ಮ ಊರಿನಲ್ಲಿ ಈಗಾಗಲೇ ಹಲವು ಬಗೆಯ ಗುಂಪುಗಳಿರಬಹುದು. ಅವುಗಳಲ್ಲಿ ಪ್ರತಿಯೊಂದೂ ಬೇರೆ ಬೇರೆ ಉದ್ದೇಶಕ್ಕಾಗಿ ರಚನೆಯಾಗಿದೆ.

• ಸ್ವಸಹಾಯ ಸಂಘ: ಸಾಮಾನ್ಯವಾಗಿ 10 ರಿಂದ 20 ಸದಸ್ಯರು. ಉಳಿತಾಯ ಮತ್ತು ಸಾಲ ಇದರ ಮುಖ್ಯ ಕೆಲಸ. ನಬಾರ್ಡ್ 1992ರಲ್ಲಿ ಇಂತಹ ಸಂಘಗಳನ್ನು ಬ್ಯಾಂಕುಗಳೊಂದಿಗೆ ಜೋಡಿಸುವ ಕಾರ್ಯಕ್ರಮವನ್ನು ಆರಂಭಿಸಿತು.
• ಜಂಟಿ ಬಾಧ್ಯತಾ ಗುಂಪು: 4 ರಿಂದ 10 ಸದಸ್ಯರು. ಸಣ್ಣ ರೈತರು ಮತ್ತು ಗೇಣಿದಾರರಿಗೆ ಪರಸ್ಪರ ಹೊಣೆಯ ಮೇಲೆ ಸಾಲ ದೊರಕಿಸುವುದು ಇದರ ಉದ್ದೇಶ.
• ರೈತ ಆಸಕ್ತ ಗುಂಪು: ಒಂದೇ ಬೆಳೆ ಅಥವಾ ಒಂದೇ ಕಸುಬಿನಲ್ಲಿ ಆಸಕ್ತಿಯುಳ್ಳವರ ಕೂಟ. ಆತ್ಮ ಯೋಜನೆಯಡಿ ರಚನೆಯಾಗುತ್ತದೆ.
• ನೀರು ಬಳಕೆದಾರರ ಸಹಕಾರ ಸಂಘ: ಒಂದು ವಿತರಣಾ ಕಾಲುವೆ ಅಥವಾ ತೂಬಿನ ವ್ಯಾಪ್ತಿಯ ರೈತರು. ನೀರಿನ ಹಂಚಿಕೆ ಇದರ ಕೆಲಸ.
• ರೈತ ಉತ್ಪಾದಕರ ಸಂಸ್ಥೆ: ಪರಿಕರಗಳ ಖರೀದಿ ಮತ್ತು ಉತ್ಪನ್ನ ಮಾರಾಟ ಇದರ ಕೆಲಸ. 2020ರ ಕೇಂದ್ರ ಯೋಜನೆಯಂತೆ ಬಯಲು ಪ್ರದೇಶದಲ್ಲಿ ಕನಿಷ್ಠ 300 ಸದಸ್ಯರಿರಬೇಕು.

ಇವುಗಳಲ್ಲಿ ಬಹುತೇಕ ಗುಂಪುಗಳು ಉಳಿತಾಯ, ಸಾಲ, ನೀರು ಅಥವಾ ಮಾರಾಟಕ್ಕಾಗಿ ರೂಪುಗೊಂಡವು. ಇಂತಹ ಕೆಲಸಗಳಲ್ಲಿ ನಿಯಮವನ್ನು ತಪ್ಪದೆ ಪಾಲಿಸುವುದೇ ಗುಣ. ಆದರೆ ಹೊಸ ಬಿತ್ತನೆ ವಿಧಾನವನ್ನೋ ಹೊಸ ಕೀಟ ನಿರ್ವಹಣಾ ಕ್ರಮವನ್ನೋ ಪರೀಕ್ಷಿಸುವಾಗ ಪ್ರಶ್ನಿಸುವುದು, ಬದಲಿಸಿ ನೋಡುವುದು, ಸೋಲನ್ನು ಹೇಳುವುದು ಗುಣವಾಗುತ್ತದೆ. ಆದ್ದರಿಂದ ಇರುವ ಸಂಘವನ್ನು ಒಡೆಯದೆ, ಅದರೊಳಗೆ ಒಂದು ಪ್ರತ್ಯೇಕ ‘ಪ್ರಯೋಗ ತಂಡ’ವನ್ನು ರಚಿಸಿಕೊಳ್ಳುವುದು ಸೂಕ್ತ.

ತಂಡದ ಗಾತ್ರ

ಫ್ರಾನ್ಸಿನ ಕೃಷಿ ಎಂಜಿನಿಯರಿಂಗ್ ಪ್ರಾಧ್ಯಾಪಕ ಮ್ಯಾಕ್ಸಿಮಿಲಿಯನ್ ರಿಂಗೆಲ್‌ಮನ್ ಅವರು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಹಗ್ಗ ಎಳೆಯುವ ಪ್ರಯೋಗಗಳನ್ನು ನಡೆಸಿ 1913ರಲ್ಲಿ ಫಲಿತಾಂಶ ಪ್ರಕಟಿಸಿದರು. ಜನರ ಸಂಖ್ಯೆ ಹೆಚ್ಚಿದಂತೆ ತಲಾ ಶ್ರಮ ಕಡಿಮೆಯಾಗುತ್ತಾ ಬಂದು, 8 ಜನರು ಒಟ್ಟಿಗೆ ಎಳೆದಾಗ ಪ್ರತಿಯೊಬ್ಬರ ಪಾಲು ಒಂಟಿಯಾಗಿ ಎಳೆದಾಗಿನ ಸುಮಾರು ಅರ್ಧಕ್ಕೆ ಇಳಿದಿತ್ತು. ಹೊಂದಾಣಿಕೆಯ ಕೊರತೆ ಒಂದು ಕಾರಣವಾದರೆ, ‘ಉಳಿದವರು ಎಳೆಯುತ್ತಾರೆ’ ಎಂಬ ಭಾವನೆ ಇನ್ನೊಂದು ಕಾರಣ. ಯಾರ ಪಾಲು ಎಷ್ಟು ಎಂಬುದು ಕಾಣದ ಕಡೆ ಹೀಗಾಗುವುದು ಸಹಜ. ನಮ್ಮ ಮುಯ್ಯಾಳು ಪದ್ಧತಿಯಲ್ಲಿ ಈ ದೋಷ ಕಡಿಮೆ. ಏಕೆಂದರೆ ಅಲ್ಲಿ ಮನೆಗಳು ಕೆಲವೇ, ಯಾರು ಯಾರಿಗೆ ಎಷ್ಟು ದಿನದ ಕೆಲಸ ತೀರಿಸಬೇಕೆಂಬುದು ಎಲ್ಲರಿಗೂ ಗೊತ್ತು.

ಮಾತುಕತೆಯ ಲೆಕ್ಕವನ್ನೂ ಗಮನಿಸಿ. 5 ಜನರ ತಂಡದಲ್ಲಿ ಇಬ್ಬಿಬ್ಬರ ನಡುವಿನ ಸಂಪರ್ಕಗಳು 10. 10 ಜನರಲ್ಲಿ 45. 20 ಜನರಲ್ಲಿ 190. ಇಪ್ಪತ್ತು ಜನರ ಸಭೆಯಲ್ಲಿ ಮೂವರು ನಾಲ್ವರು ಮಾತನಾಡಿ ಉಳಿದವರು ಕೇಳುವುದಕ್ಕೆ ಅವರ ನಿರಾಸಕ್ತಿಯೇ ಕಾರಣವೆಂದು ತಿಳಿಯಬೇಕಾಗಿಲ್ಲ. ಅಷ್ಟು ಜನರ ನಡುವೆ ಎಲ್ಲರ ಮಾತಿಗೂ ಸಮಯ ದೊರೆಯುವುದಿಲ್ಲ.

ಇದನ್ನು ಅರಿತು ರೂಪಿಸಿದ ವ್ಯವಸ್ಥೆಯೆಂದರೆ ರೈತ ಕ್ಷೇತ್ರ ಪಾಠಶಾಲೆ. ಭತ್ತದ ಕಂದು ಜಿಗಿಹುಳುವಿನ ಹಾವಳಿಯನ್ನು ಎದುರಿಸಲು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ 1989ರಲ್ಲಿ ಇಂಡೋನೇಷ್ಯಾದಲ್ಲಿ ಇದು ಆರಂಭವಾಯಿತು. ಸುಮಾರು 25 ರೈತರ ಶಾಲೆಯನ್ನು ಐದೈದು ಜನರ ಉಪತಂಡಗಳಾಗಿ ವಿಂಗಡಿಸಲಾಗುತ್ತಿತ್ತು. ಪ್ರತಿ ವಾರ ಉಪತಂಡವು ಗದ್ದೆಗಿಳಿದು ಹುಳು, ಮಿತ್ರಕೀಟ, ನೀರು, ಗಿಡದ ಸ್ಥಿತಿ ನೋಡಿ, ಕಂಡದ್ದನ್ನು ಚಿತ್ರ ಬರೆದು, ಉಳಿದವರ ಮುಂದೆ ವಿವರಿಸಿ, ಸಿಂಪಡಣೆ ಬೇಕೇ ಬೇಡವೇ ಎಂಬುದನ್ನು ಚರ್ಚಿಸುತ್ತಿತ್ತು. ಇದೇ ಮಾದರಿಯು ಮುಂದೆ ಭಾರತವೂ ಸೇರಿದಂತೆ ಏಷ್ಯಾದ ಆರು ದೇಶಗಳ ಹತ್ತಿ ಬೆಳೆಗೂ ವಿಸ್ತರಿಸಿತು. ನೋಡುವ ಕೆಲಸ ಐವರದು, ತೀರ್ಮಾನ ಇಪ್ಪತ್ತೈದು ಜನರದು ಎಂಬುದು ಇದರ ತಿರುಳು.

ಶಿಫಾರಸು: ಪ್ರಯೋಗ ತಂಡದಲ್ಲಿ 5 ರಿಂದ 7 ಸದಸ್ಯರಿರಲಿ. ಆಸಕ್ತರು ಹೆಚ್ಚಿದ್ದರೆ ಎರಡು ತಂಡಗಳನ್ನು ಮಾಡಿರಿ.

ಸದಸ್ಯರ ಆಯ್ಕೆ

ಪ್ರಯೋಗ ತಂಡದಲ್ಲಿ ಒಂದೇ ಬಗೆಯ ರೈತರಿದ್ದರೆ ಒಪ್ಪಂದ ಬೇಗ ಮೂಡುತ್ತದೆ, ಆದರೆ ದೋಷಗಳು ಕಾಣುವುದಿಲ್ಲ. ದೊಡ್ಡ ಹಿಡುವಳಿ, ಸ್ವಂತ ಟ್ರ್ಯಾಕ್ಟರ್, ಕಾಲುವೆಯ ಮೇಲ್ಭಾಗದ ಹೊಲ ಇರುವವರು ಮಾತ್ರ ಪರೀಕ್ಷಿಸಿ ‘ಚೆನ್ನಾಗಿದೆ’ ಎಂದ ಕ್ರಮವು ಎರಡು ಎಕರೆಯ ರೈತನಿಗೆ ಹೊಂದದಿರಬಹುದು. ಆದ್ದರಿಂದ ಈ ಕೆಳಗಿನವರಲ್ಲಿ ಸಾಧ್ಯವಾದಷ್ಟು ಮಂದಿ ತಂಡದಲ್ಲಿರುವಂತೆ ನೋಡಿಕೊಳ್ಳಿರಿ.

1. ಕಾಲುವೆಯ ಮೇಲ್ಭಾಗದ ಒಬ್ಬ ರೈತ ಮತ್ತು ಕೊನೆಯಂಚಿನ ಒಬ್ಬ ರೈತ.
2. ಸ್ವಂತ ಭೂಮಿ ಇರುವವರೊಂದಿಗೆ ಗುತ್ತಿಗೆ ಅಥವಾ ಕೋರಿಗೆ ಮಾಡುವ ಒಬ್ಬರು.
3. ಕಳೆ ತೆಗೆಯುವ, ಹತ್ತಿ ಮತ್ತು ಮೆಣಸಿನಕಾಯಿ ಬಿಡಿಸುವ ಮಹಿಳೆಯರಲ್ಲಿ ಕನಿಷ್ಠ ಇಬ್ಬರು. ಬೆಳೆಯನ್ನು ಅತಿ ಹತ್ತಿರದಿಂದ ದಿನವಿಡೀ ನೋಡುವವರು ಇವರೇ. ಕಾಯಿಯೊಳಗಿನ ಹುಳು, ಸಾಲಿನ ನಡುವಿನ ಹೊಸ ಕಳೆ ಮೊದಲು ಇವರ ಕಣ್ಣಿಗೆ ಬೀಳುತ್ತದೆ. ಸಭೆಯಲ್ಲಿ ಒಬ್ಬರೇ ಮಹಿಳೆ ಇದ್ದರೆ ಮಾತನಾಡಲು ಹಿಂಜರಿಯುವುದುಂಟು. ಆದ್ದರಿಂದ ಇಬ್ಬರಾದರೂ ಇರಬೇಕು.
4. ಯಂತ್ರ ನಡೆಸಬಲ್ಲ ಅಥವಾ ದುರಸ್ತಿ ಮಾಡಬಲ್ಲ ಒಬ್ಬರು.
5. ಬರೆದಿಡಬಲ್ಲ ಒಬ್ಬ ಯುವಕ ಅಥವಾ ಯುವತಿ.
6. ಹೊಸ ಕ್ರಮವನ್ನು ಸಂಶಯದಿಂದ ನೋಡುವ ಒಬ್ಬ ಅನುಭವಿ. ಇವರನ್ನು ಹೊರಗಿಟ್ಟರೆ ಆಕ್ಷೇಪಣೆ ಚಾವಡಿಯಲ್ಲಿ ಬೆಳೆಯುತ್ತದೆ. ಒಳಗಿಟ್ಟರೆ ಅದು ಹೊಲದಲ್ಲಿಯೇ ಪರೀಕ್ಷೆಗೆ ಒಳಪಡುತ್ತದೆ.

ನಾಯಕತ್ವ ಮತ್ತು ಕೆಲಸದ ಹಂಚಿಕೆ

ಅಧ್ಯಕ್ಷರ ಹೊಲದಲ್ಲಿ ಪ್ರಾತ್ಯಕ್ಷಿಕೆ, ಅಧ್ಯಕ್ಷರ ಮನೆಯಲ್ಲಿ ಸಭೆ, ಅಧ್ಯಕ್ಷರ ಬಳಿ ಯಂತ್ರ: ಇಂತಹ ಗುಂಪಿನಲ್ಲಿ ಮಾಹಿತಿ ಒಬ್ಬರಲ್ಲಿ ನಿಲ್ಲುತ್ತದೆ. ಅವರು ಗುಳೆ ಹೋದರೆ ಅಥವಾ ಆಸಕ್ತಿ ಕಳೆದುಕೊಂಡರೆ ಕಲಿತದ್ದೂ ಅವರೊಂದಿಗೆ ಹೋಗುತ್ತದೆ. ಆದ್ದರಿಂದ ಹೊಣೆಗಳನ್ನು ಬೇರ್ಪಡಿಸಬೇಕು.

• ಸಂಚಾಲಕ: ಸಭೆ ಕರೆಯುವುದು, ಎಲ್ಲರೂ ಮಾತನಾಡುವಂತೆ ನೋಡಿಕೊಳ್ಳುವುದು. ಪ್ರತಿ ಹಂಗಾಮಿಗೆ ಬದಲಾಗಬೇಕು.
• ದಾಖಲೆಗಾರ: ಬಿತ್ತನೆ ದಿನಾಂಕ, ಖರ್ಚು, ಕೂಲಿ ಆಳು, ಇಳುವರಿ ಬರೆಯುವುದು. ಎರಡು ಮೂರು ಹಂಗಾಮು ಒಬ್ಬರೇ ಮುಂದುವರಿಯುವುದು ಒಳ್ಳೆಯದು.
• ಯಂತ್ರ ಮತ್ತು ಪರಿಕರ ಹೊಣೆಗಾರ: ಕೂರಿಗೆ, ಸಿಂಪಡಣಾ ಯಂತ್ರ, ಬಲೆಗಳ ವ್ಯವಸ್ಥೆ.
• ಸಂಪರ್ಕ ಹೊಣೆಗಾರ: ರೈತ ಸಂಪರ್ಕ ಕೇಂದ್ರ, ಕೃಷಿ ವಿಜ್ಞಾನ ಕೇಂದ್ರ ಹಾಗೂ ಮಾರುಕಟ್ಟೆಯ ವಿಷಯ ತರುವುದು.

ಸಭೆಯಲ್ಲಿ ಹಿರಿಯರು ಅಥವಾ ಸಂಚಾಲಕರು ಕೊನೆಗೆ ಮಾತನಾಡಲಿ. ಅವರು ಮೊದಲು ಅಭಿಪ್ರಾಯ ಹೇಳಿಬಿಟ್ಟರೆ ಉಳಿದವರು ಅದಕ್ಕೆ ತಲೆದೂಗುವುದೇ ಹೆಚ್ಚು.

ಸೋಲನ್ನು ಹೇಳುವ ಅವಕಾಶ

1990ರ ದಶಕದಲ್ಲಿ ಅಮೆರಿಕದ ಆಸ್ಪತ್ರೆಗಳ ಶುಶ್ರೂಷಾ ತಂಡಗಳನ್ನು ಅಧ್ಯಯನ ಮಾಡಿದಾಗ, ಉತ್ತಮ ನಾಯಕತ್ವವಿದ್ದ ತಂಡಗಳಲ್ಲಿಯೇ ಔಷಧ ನೀಡಿಕೆಯ ತಪ್ಪುಗಳು ಹೆಚ್ಚು ದಾಖಲಾಗಿದ್ದವು. ಆ ತಂಡಗಳಲ್ಲಿ ಸದಸ್ಯರು ಭಯವಿಲ್ಲದೆ ತಪ್ಪುಗಳನ್ನು ತಿಳಿಸುತ್ತಿದ್ದುದೇ ಇದಕ್ಕೆ ವಿವರಣೆಯಾಗಿ ಕಂಡುಬಂದಿತು. ಬೇಸಾಯಕ್ಕೂ ಇದು ಅನ್ವಯಿಸುತ್ತದೆ. ಮೊಳಕೆ ಸರಿಯಾಗಿ ಬಾರದ ಹೊಲವನ್ನು ರೈತನು ನಾಚಿಕೆಯಿಂದ ಮರೆಮಾಚಿದರೆ, ಬಿತ್ತನೆಯ ಆಳ ತಪ್ಪಿತ್ತೇ, ತೇವಾಂಶ ಸಾಲದಾಯಿತೇ ಎಂಬುದು ಯಾರಿಗೂ ತಿಳಿಯದೆ ಮುಂದಿನ ವರ್ಷ ಅದೇ ನಷ್ಟ ಇನ್ನೊಬ್ಬರ ಹೊಲದಲ್ಲಿ ಮರುಕಳಿಸುತ್ತದೆ.

ಆದರೆ ಬರಿಯ ಮಾತಿನ ಧೈರ್ಯ ಸಾಲದು. ಸಾಲ ಮಾಡಿ ಬಿತ್ತಿದ ರೈತನಿಗೆ ಪ್ರಯೋಗದ ಸೋಲು ಹೊಟ್ಟೆಪಾಡಿನ ಪ್ರಶ್ನೆ. ಆದ್ದರಿಂದ ನಷ್ಟವನ್ನು ಸಣ್ಣದಾಗಿಸಿ ಹಂಚಿಕೊಳ್ಳುವ ಏರ್ಪಾಡು ರಚನೆಯಲ್ಲಿಯೇ ಇರಬೇಕು.

1. ಪ್ರತಿ ಸದಸ್ಯನು 10 ಗುಂಟೆಯಲ್ಲಿ ಮಾತ್ರ ಹೊಸ ಕ್ರಮ ಅನುಸರಿಸಲಿ. ಪಕ್ಕದ 10 ಗುಂಟೆಯಲ್ಲಿ ರೂಢಿಯ ಕ್ರಮವಿರಲಿ. ಎರಡರ ಖರ್ಚು ಮತ್ತು ಇಳುವರಿಯನ್ನು ಪ್ರತ್ಯೇಕವಾಗಿ ಬರೆಯಿರಿ.
2. ಒಂದು ಹೊಲದ ಫಲಿತಾಂಶವನ್ನು ನಂಬಬೇಡಿರಿ. ಆರು ಸದಸ್ಯರ ಆರು ಹೊಲಗಳಲ್ಲಿ ಐದರಲ್ಲಿ ಲಾಭ ಕಂಡರೆ ಮುಂದಿನ ಹಂಗಾಮಿಗೆ ವಿಸ್ತರಿಸಿರಿ. ಮೂರರಲ್ಲಿ ಮಾತ್ರ ಕಂಡರೆ ಆ ಮೂರು ಹೊಲಗಳ ವಿಶೇಷವೇನೆಂದು ವಿಚಾರಿಸಿರಿ.
3. ಹಂಗಾಮಿನ ಆರಂಭದಲ್ಲಿಯೇ ನಷ್ಟ ಹಂಚಿಕೆಯ ಒಪ್ಪಂದವನ್ನು ಬರೆದಿಡಿರಿ. ಉದಾಹರಣೆಗೆ, ಒಬ್ಬ ಸದಸ್ಯನ ಪ್ರಯೋಗದ ಹತ್ತು ಗುಂಟೆಯಲ್ಲಿ 120 ಕಿ.ಗ್ರಾಂ ಭತ್ತ ಕಡಿಮೆ ಬಂದರೆ, ಆರು ಜನರಲ್ಲಿ ಹಂಚಿದಾಗ ತಲಾ 20 ಕಿ.ಗ್ರಾಂ ಆಗುತ್ತದೆ. ಹತ್ತು ಜನರಿಗೆ ಹುಲ್ಲುಕಡ್ಡಿ, ಒಬ್ಬನಿಗೆ ತಲೆಹೊರೆ ಎಂಬ ಗಾದೆಯ ಅರ್ಥವೇ ಇದು.

ಉದಾಹರಣೆ 1: ಮಾನ್ವಿಯಲ್ಲಿ ಕೂರಿಗೆ ಭತ್ತದ ಪ್ರಯೋಗ ತಂಡ

ಸುಮಾರು 227 ಕಿ.ಮೀ. ಉದ್ದದ ತುಂಗಭದ್ರಾ ಎಡದಂಡೆ ಕಾಲುವೆಯನ್ನು ಮುಖ್ಯವಾಗಿ ಅರೆ ನೀರಾವರಿ ಬೆಳೆಗಳನ್ನು ಗಮನದಲ್ಲಿರಿಸಿ ಯೋಜಿಸಲಾಗಿತ್ತು. ಮೇಲ್ಭಾಗದಲ್ಲಿ ಭತ್ತ ವ್ಯಾಪಿಸಿದ್ದರಿಂದ ಕೊನೆಯಂಚಿನ ಹೊಲಗಳಿಗೆ ನೀರು ತಡವಾಗಿ ತಲುಪುವುದು ಅಥವಾ ತಲುಪದಿರುವುದು ಸಾಮಾನ್ಯವಾಗಿದೆ. ಕೆಸರು ಮಾಡಿ ನಾಟಿ ಮಾಡುವ ರೈತ ಈ ನೀರಿಗಾಗಿ ಕಾಯಲೇಬೇಕು. ಮುಂಗಾರು ಮಳೆಯ ತೇವಾಂಶದಲ್ಲಿಯೇ ಒಣಭೂಮಿಗೆ ಕೂರಿಗೆಯಿಂದ ಭತ್ತ ಬಿತ್ತಿದರೆ ಸಸಿಮಡಿ, ಕೆಸರು ಮಾಡುವಿಕೆ ಮತ್ತು ನಾಟಿಯ ಕೂಲಿ ಉಳಿಯುತ್ತದೆ. ಕಾಲುವೆ ನೀರು ಬರುವ ವೇಳೆಗೆ ಬೆಳೆ ನಿಂತಿರುತ್ತದೆ. ಆದರೆ ಮೊದಲ 30-40 ದಿನಗಳ ಕಳೆ, ಎಳೆಯ ಬೆಳೆಯಲ್ಲಿ ಕಬ್ಬಿಣದ ಕೊರತೆಯಿಂದ ಎಲೆ ಹಳದಿಯಾಗುವಿಕೆ, ಸಮತಟ್ಟಿಲ್ಲದ ಹೊಲದಲ್ಲಿ ಏರುಪೇರಾದ ಮೊಳಕೆ ಇದರ ತೊಡಕುಗಳು.

ಈ ತೊಡಕುಗಳು ಎಲ್ಲರ ಹೊಲದಲ್ಲಿಯೂ ಒಂದೇ ರೀತಿಯಲ್ಲಿ ಕಾಣುವುದಿಲ್ಲ. ಮೇಲ್ಭಾಗದ ರೈತನಿಗೆ ನೀರು ನಿಲ್ಲಿಸಿ ಕಳೆ ತಡೆಯುವುದು ಸುಲಭ. ಕೊನೆಯಂಚಿನವನಿಗೆ ಅದು ಸಾಧ್ಯವಿಲ್ಲ. ಗುತ್ತಿಗೆದಾರನಿಗೆ ಭೂಮಿ ಸಮತಟ್ಟು ಮಾಡಲು ಹಣ ಹೂಡುವ ಮನಸ್ಸಿರುವುದಿಲ್ಲ. ಕಳೆ ತೆಗೆಯುವ ಮಹಿಳೆಯರಿಗೆ ಯಾವ ಕಳೆ ಕೈಯಿಂದ ಬರುತ್ತದೆ, ಯಾವುದು ಭತ್ತವನ್ನೇ ಹೋಲುತ್ತದೆ ಎಂಬುದು ಗೊತ್ತಿರುತ್ತದೆ. ಈ ನಾಲ್ವರ ಜೊತೆಗೆ ಕೂರಿಗೆ ನಡೆಸುವವನೂ ಒಂದೇ ತಂಡದಲ್ಲಿದ್ದರೆ, ಶಿಫಾರಸು ನಿಮ್ಮ ತೂಬಿನ ಸ್ಥಿತಿಗೆ ತಕ್ಕಂತೆ ತಿದ್ದಿಕೊಳ್ಳುತ್ತದೆ: ಬಿತ್ತನೆಯ ದಿನ, ಬೀಜದ ಆಳ, ಕಳೆನಾಶಕ ಬಳಸುವ ಸಮಯ, ಕೈಗಳೆಯ ಸರದಿ. ಒಂದು ಹಂಗಾಮಿನಲ್ಲಿ ಒಂದೇ ಅಂಶವನ್ನು ಬದಲಿಸಿ ನೋಡಿರಿ. ಎಲ್ಲವನ್ನೂ ಒಮ್ಮೆಗೇ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯದು.

ಉದಾಹರಣೆ 2: ದೇವದುರ್ಗದಲ್ಲಿ ಗುಲಾಬಿ ಕಾಯಿಕೊರಕದ ನಿರ್ವಹಣೆ

ಹತ್ತಿಯ ಗುಲಾಬಿ ಕಾಯಿಕೊರಕವು ಎರಡು ಜೀನ್‌ಗಳ ಬಿ.ಟಿ. ಹತ್ತಿಗೂ ನಿರೋಧಕತೆ ಬೆಳೆಸಿಕೊಂಡಿದೆ. ಇದರ ನಿರ್ವಹಣಾ ಕ್ರಮಗಳು ಬಹುತೇಕ ತಿಳಿದಿರುವಂಥವು: ಕಣ್ಗಾವಲಿಗೆ ಎಕರೆಗೆ 2 ಮೋಹಕ ಬಲೆ, ಸತತ 3 ರಾತ್ರಿ ಪ್ರತಿ ಬಲೆಗೆ 8 ಪತಂಗ ಬಿದ್ದರೆ ಅಥವಾ 20 ಹಸಿರು ಕಾಯಿಗಳನ್ನು ಸೀಳಿ ನೋಡಿದಾಗ 2ರಲ್ಲಿ ಹುಳು ಕಂಡರೆ ಶಿಫಾರಸಿನಂತೆ ಸಿಂಪಡಣೆ, ಡಿಸೆಂಬರ್ ಅಂತ್ಯದೊಳಗೆ ಬೆಳೆ ಮುಗಿಸುವುದು, ಹತ್ತಿ ಕಟ್ಟಿಗೆಯನ್ನು ಹೊಲದ ಬದುವಿನಲ್ಲಿ ಕೂಡಿಡದಿರುವುದು.

ಇಲ್ಲಿನ ತೊಡಕು ಬೇರೆ. ಹತ್ತು ರೈತರಲ್ಲಿ ಒಂಬತ್ತು ಜನರು ಡಿಸೆಂಬರಿನಲ್ಲಿ ಬೆಳೆ ತೆಗೆದು, ಒಬ್ಬರು ನೀರು ಕೊಟ್ಟು ಮಾರ್ಚ್‌ವರೆಗೆ ಬೆಳೆ ಮುಂದುವರಿಸಿದರೆ, ಆ ಒಂದು ಹೊಲವೇ ಮುಂದಿನ ವರ್ಷದ ಹುಳುವಿನ ತೌರುಮನೆಯಾಗುತ್ತದೆ. ಬೇರೆ ಬೇರೆ ಊರುಗಳಲ್ಲಿ ಹರಡಿದ ಐದು ಉತ್ಸಾಹಿಗಳ ತಂಡದಿಂದ ಇದು ಸಾಧ್ಯವಾಗದು. ಇದಕ್ಕೆ ಬೇಕಾದುದು ಒಂದೇ ಹೊಲಗೇರಿಯ ಅಕ್ಕಪಕ್ಕದ ಎಲ್ಲ ಹೊಲಗಳ ‘ಅನುಷ್ಠಾನ ಗುಂಪು’. ಅದರ ರಚನೆ ಹೀಗಿರಲಿ:

• 20-25 ಹೊಲಗಳನ್ನು ನಾಲ್ಕೈದು ಭಾಗಗಳಾಗಿ ವಿಂಗಡಿಸಿ, ಪ್ರತಿ ಭಾಗಕ್ಕೆ ಒಬ್ಬ ಬಲೆ ಎಣಿಕೆದಾರರನ್ನು ನೇಮಿಸಿರಿ.
• ಎಣಿಕೆಯನ್ನು ಎಲ್ಲರೂ ಓಡಾಡುವ ಸ್ಥಳದಲ್ಲಿ ಫಲಕದ ಮೇಲೆ ಬರೆಯಿರಿ. ಎಣಿಕೆ ಬಹಿರಂಗವಾಗಿದ್ದರೆ ಸಿಂಪಡಣೆಯ ತೀರ್ಮಾನ ಅಂಗಡಿಯ ಮಾತಿನ ಬದಲು ಹೊಲದ ಲೆಕ್ಕದ ಮೇಲೆ ನಿಲ್ಲುತ್ತದೆ.
• ಕೊನೆಯ ಬಿಡಿಸುವಿಕೆಯ ದಿನಾಂಕವನ್ನು ಬಿತ್ತನೆಗೆ ಮೊದಲೇ ಒಟ್ಟಾಗಿ ನಿಶ್ಚಯಿಸಿರಿ. ಹಿಂಗಾರಿಗೆ ಕಡಲೆ ಅಥವಾ ಜೋಳ ಹಾಕುವ ಅವಕಾಶವಿರುವವರಿಗೆ ಬೀಜದ ವ್ಯವಸ್ಥೆಯನ್ನೂ ಆಗಲೇ ಮಾಡಿರಿ. ಬೆಳೆ ಮುಂದುವರಿಸುವ ರೈತನಿಗೆ ಬದಲಿ ಆದಾಯ ಕಾಣದಿದ್ದರೆ ಒಪ್ಪಂದ ನಿಲ್ಲುವುದಿಲ್ಲ.

ಮಾನ್ವಿಯ ತಂಡದಲ್ಲಿ ಭಿನ್ನಾಭಿಪ್ರಾಯವೇ ಲಾಭ. ದೇವದುರ್ಗದ ಗುಂಪಿನಲ್ಲಿ ಎಲ್ಲರೂ ಒಂದೇ ದಿನಾಂಕಕ್ಕೆ ಬದ್ಧರಾಗುವುದು ಲಾಭ. ನಿಮ್ಮ ಮುಂದಿರುವ ಕೆಲಸ ಇವೆರಡರಲ್ಲಿ ಯಾವ ಬಗೆಯದು ಎಂಬುದನ್ನು ಮೊದಲು ನಿರ್ಧರಿಸಿ, ಆನಂತರ ಗುಂಪು ರಚಿಸಿರಿ.

ಹೊರಗಿನ ಸಂಪರ್ಕ

ಅಮೆರಿಕದ ಅಯೋವಾ ರಾಜ್ಯದ ಎರಡು ಗ್ರಾಮೀಣ ಸಮುದಾಯಗಳ 259 ರೈತರು ಸಂಕರಣ ಮೆಕ್ಕೆಜೋಳವನ್ನು ಹೇಗೆ ಸ್ವೀಕರಿಸಿದರೆಂಬ ಅಧ್ಯಯನ 1943ರಲ್ಲಿ ಪ್ರಕಟವಾಯಿತು. ರೈತರಿಗೆ ಸುದ್ದಿಯನ್ನು ಮೊದಲು ತಲುಪಿಸಿದವರಲ್ಲಿ ಬೀಜ ಮಾರಾಟಗಾರರೇ ಮುಂದಿದ್ದರು. ಆದರೆ ಬಿತ್ತುವ ನಿರ್ಧಾರಕ್ಕೆ ಹೆಚ್ಚು ಪ್ರಭಾವ ಬೀರಿದ್ದು ನೆರೆಹೊರೆಯವರ ಹೊಲ. ಅಂದರೆ ಸುದ್ದಿ ಹೊರಗಿನಿಂದ ಬರುತ್ತದೆ, ನಂಬಿಕೆ ನೆರೆಯಿಂದ ಬರುತ್ತದೆ. ತಂಡಕ್ಕೆ ಎರಡೂ ಬೇಕು.

ಒಂದೇ ಓಣಿಯವರ ತಂಡದಲ್ಲಿ ಎಲ್ಲರಿಗೂ ಗೊತ್ತಿರುವುದು ಒಂದೇ ವಿಷಯವಾಗಿರುತ್ತದೆ. ರಾಯಚೂರು ನಗರದ ಮಾರುಕಟ್ಟೆಗೆ ಹತ್ತಿ ಒಯ್ಯುವವರು, ನೆಂಟಸ್ತಿಕೆಯ ನಿಮಿತ್ತ ಬೇರೆ ತಾಲ್ಲೂಕಿಗೆ ಹೋಗಿಬರುವವರು, ವಿಶ್ವವಿದ್ಯಾಲಯದ ಕೃಷಿ ಮೇಳಕ್ಕೆ ಹೋದವರು ತಂದ ವಿಷಯಕ್ಕೆ ಪ್ರತಿ ಸಭೆಯಲ್ಲಿ ಕಾಲು ಗಂಟೆ ಮೀಸಲಿಡಿರಿ. ಹಂಗಾಮಿಗೊಮ್ಮೆ ಇನ್ನೊಂದು ಊರಿನ ತಂಡದ ಹೊಲಕ್ಕೆ ಹೋಗಿ, ಅವರನ್ನೂ ನಿಮ್ಮ ಹೊಲಕ್ಕೆ ಕರೆಯಿರಿ.

ವಿಸ್ತರಣಾ ಕಾರ್ಯಕರ್ತರಿಗೆ ಸೂಚನೆಗಳು

1. ಸಬ್ಸಿಡಿಯ ಪಟ್ಟಿ ಭರ್ತಿ ಮಾಡುವುದಕ್ಕಾಗಿ ಗುಂಪು ರಚಿಸಬೇಡಿರಿ. ಪರಿಕರ ಹಂಚಿದ ದಿನವೇ ಅಂತಹ ಗುಂಪಿನ ಆಯುಷ್ಯ ಮುಗಿಯುತ್ತದೆ. ಸಮಸ್ಯೆಯೊಂದನ್ನು ಊರಿನವರೇ ಹೆಸರಿಸಿದ ಬಳಿಕ ಅದರ ಸುತ್ತ ತಂಡ ಕಟ್ಟಿರಿ.
2. ಪ್ರಾತ್ಯಕ್ಷಿಕೆಯನ್ನು ಯಾವಾಗಲೂ ರಸ್ತೆಬದಿಯ ಉತ್ತಮ ಹೊಲದಲ್ಲಿ ಏರ್ಪಡಿಸಬೇಡಿರಿ. ಒಂದನ್ನಾದರೂ ಕಾಲುವೆಯ ಕೊನೆಯಂಚಿನಲ್ಲಿ ಅಥವಾ ಸವಳು ಭೂಮಿಯ ಅಂಚಿನಲ್ಲಿ ಏರ್ಪಡಿಸಿರಿ.
3. ರೈತರ ಮಾರ್ಪಾಡುಗಳನ್ನು ‘ಶಿಫಾರಸಿನ ಉಲ್ಲಂಘನೆ’ ಎಂದು ತಳ್ಳಿಹಾಕದೆ ಕಾರಣ ಕೇಳಿ ದಾಖಲಿಸಿರಿ. ಆದರೆ ಕೀಟನಾಶಕ ಮತ್ತು ಕಳೆನಾಶಕಗಳ ಪ್ರಮಾಣ, ಮಿಶ್ರಣ ಹಾಗೂ ಸುರಕ್ಷತೆಯ ವಿಷಯದಲ್ಲಿ ಮಾರ್ಪಾಡಿಗೆ ಅವಕಾಶ ಕೊಡಬಾರದು.
4. ಸಭೆಯ ಸಮಯವನ್ನು ಕೂಲಿಗೆ ಹೋಗುವ ಮಹಿಳೆಯರಿಗೆ ಅನುಕೂಲವಾಗುವಂತೆ ನಿಗದಿಪಡಿಸಿರಿ. ಬೆಳಗಿನ ಹನ್ನೊಂದು ಗಂಟೆಯ ಸಭೆಗೆ ಅವರು ಬರಲಾರರು.
5. ಎರಡನೆಯ ಹಂಗಾಮಿನಿಂದ ಸಭೆ ನಡೆಸುವ ಹೊಣೆಯನ್ನು ತಂಡಕ್ಕೆ ಬಿಟ್ಟುಕೊಟ್ಟು, ಕೇಳಿದಾಗ ಮಾತ್ರ ಸಲಹೆ ನೀಡಿರಿ.

ತಂಡದ ಸ್ಥಿತಿಯನ್ನು ಗುರುತಿಸುವುದು

ಹಂಗಾಮಿನ ಕೊನೆಯಲ್ಲಿ ಈ ಪ್ರಶ್ನೆಗಳನ್ನು ನೀವೇ ಕೇಳಿಕೊಳ್ಳಿರಿ.

• ಕಳೆದ ಮೂರು ಸಭೆಗಳಲ್ಲಿ ಒಮ್ಮೆಯೂ ಮಾತನಾಡದ ಸದಸ್ಯರಿದ್ದಾರೆಯೇ? ಇದ್ದರೆ ತಂಡ ದೊಡ್ಡದಾಗಿದೆ ಅಥವಾ ಒಬ್ಬರ ಮಾತು ಮೇಲಾಗಿದೆ.
• ಈ ಹಂಗಾಮಿನಲ್ಲಿ ಒಂದಾದರೂ ವಿಫಲ ಪ್ರಯತ್ನ ದಾಖಲೆಯಲ್ಲಿದೆಯೇ? ಇಲ್ಲದಿದ್ದರೆ ಪ್ರಯೋಗ ನಡೆದಿಲ್ಲ ಅಥವಾ ಸೋಲು ಮುಚ್ಚಿಹೋಗಿದೆ.
• ಸಂಚಾಲಕರು ಊರಿನಲ್ಲಿಲ್ಲದಾಗ ಸಭೆ ನಡೆಯಿತೇ?
• ತಂಡದ ಹೊರಗಿನ ಎಷ್ಟು ಮಂದಿ ಪ್ರಯೋಗದ ಹೊಲ ನೋಡಲು ಬಂದರು?
• ನಷ್ಟವಾದ ಸದಸ್ಯನಿಗೆ ಒಪ್ಪಂದದಂತೆ ಪಾಲು ಸಂದಿತೇ?

ಕೊನೆಯ ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರ ಬಂದರೆ ಉಳಿದೆಲ್ಲವನ್ನೂ ಬದಿಗಿಟ್ಟು ಅದನ್ನೇ ಮೊದಲು ಸರಿಪಡಿಸಿರಿ. ಒಮ್ಮೆ ಒಂಟಿಯಾಗಿ ನಷ್ಟ ಹೊತ್ತವನು ಮತ್ತೆ ಹೊಸದಕ್ಕೆ ಕೈಹಾಕುವುದಿಲ್ಲ. ಅವನನ್ನು ಕಂಡ ನೆರೆಯವರೂ ಹಿಂಜರಿಯುತ್ತಾರೆ.

ಮುಂಗಾರಿಗೆ ಮೊದಲು, ಅಂದರೆ ಏಪ್ರಿಲ್–ಮೇ ತಿಂಗಳಲ್ಲಿ ತಂಡ ರಚಿಸಿ, ಪ್ರಶ್ನೆಯೊಂದನ್ನು ಆಯ್ದು, ಒಪ್ಪಂದ ಬರೆದುಕೊಳ್ಳುವುದು ಸೂಕ್ತ. ಬೆಳೆ, ತಳಿ, ಬೀಜದ ಪ್ರಮಾಣ ಹಾಗೂ ಸಸ್ಯ ಸಂರಕ್ಷಣೆಯ ಇತ್ತೀಚಿನ ಶಿಫಾರಸುಗಳಿಗಾಗಿ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಅಥವಾ ರಾಯಚೂರಿನ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಿರಿ. ಹೋಗುವಾಗ ತಂಡದ ದಾಖಲೆ ಪುಸ್ತಕವನ್ನು ಜೊತೆಗೆ ಒಯ್ಯಿರಿ; ಹೊಲದ ಲೆಕ್ಕ ಮುಂದಿದ್ದರೆ ತಜ್ಞರ ಸಲಹೆಯೂ ನಿಮ್ಮ ಹೊಲಕ್ಕೆ ಹೊಂದುವಂತಿರುತ್ತದೆ.